ತಳದ ಹಿಡಿ

ಹಾಜರಿ ಕೂಗುವಾಗ ನನ್ನ ಹೆಸರಿಗೆ
ಹಿಂದಿನ ಬೆಂಚು ಒಂದಿಷ್ಟು ಕೆಮ್ಮುತ್ತಿತ್ತು.
ದುಗ್ಗಮ್ಮ ಎಚ್.
ಎಚ್ ಅಂದರೆ ಹಾಲಮ್ಮ. ಅಪ್ಪನದಲ್ಲ, ಅವ್ವನ ಇನಿಷಿಯಲ್ಲು;
ಶಾಲೆಗೆ ಸೇರಿಸಿದ ದಿನ ಮೇಷ್ಟ್ರ ಮುಂದೆ ನಿಂತಿದ್ದವಳು ಅವಳೇ.

ಎಂ.ಎಸ್ಸಿ. ಸಂಖ್ಯಾಶಾಸ್ತ್ರ.
ಮೊದಲ ಸೆಮಿಸ್ಟರು ಪೂರಾ ಬಾಗಿಲ ಪಕ್ಕವೇ ಕೂತೆ,
ಯಾರಾದರೂ ಏಳು ಅಂದರೆ
ಎದ್ದು ಹೋಗಲು ಸುಲಭವಾಗಲೆಂದು.
ಯಾರೂ ಅನ್ನಲಿಲ್ಲ.
ಅನ್ನದೇ ಇರುವುದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ದಸರಾ ಕಳೆದಿತ್ತು.

ಇಂಟರ್ನಲ್ಸ್ ಅಂದರೇನು, ಸಿನಾಪ್ಸಿಸ್ ಅಂದರೇನು,
ಲೈಬ್ರರಿ ಕಾರ್ಡಿಗೆ ಸಹಿ ಯಾರದು,
ಉಳಿದವರಿಗೆ ಇವನ್ನೆಲ್ಲ ಮನೆಯಲ್ಲೇ
ಊಟದ ಜೊತೆ ಬಡಿಸಿದ್ದರು.
ನನಗೆ, ಕೇಳಬಹುದು ಅನ್ನುವುದೇ ಗೊತ್ತಿರಲಿಲ್ಲ.
ನಮ್ಮ ಸಾಲಿನಲ್ಲಿ ಕೇಳುವುದೆಂದರೆ
ಒಂದೋ ಸಾಲ, ಇಲ್ಲವೆ ಬೈಗುಳ.

ನಸುಕು ಮೂರಕ್ಕೆ ಭಟ್ಟಿ. ಹೊಟ್ಟಿನ ಬೆಂಕಿ.
ಕಾದ ಮರಳಿಗೆ ಅವ್ವ ಉಪ್ಪುಂಡ ಅಕ್ಕಿ ಸುರಿದರೆ
ರೆಪ್ಪೆ ಬಡಿಯುವಷ್ಟರಲ್ಲಿ ಬಾಣಲೆ ತುಂಬ ಮಂಡಕ್ಕಿ.
ಜರಡಿ ಹಿಡಿದು, ಚೀಲದ ಬಾಯಿ ಹೊಲಿದು,
ತಲೆಗೆ ನೀರು ಹೊಯ್ದುಕೊಂಡು
ತೋಳಹುಣಸೆ ಬಸ್ಸು ಹತ್ತುತ್ತಿದ್ದೆ.
ನೀರು ಹೊಗೆಯನ್ನು ಪೂರ್ತಿ ತೊಳೆಯುವುದಿಲ್ಲ.
ಪಕ್ಕ ಕೂತ ನಾಜ್ನೀನ್ ಒಂದು ದಿನ ಮೂಸಿ ಕೇಳಿದಳು:
'ಯಾವ ಭಟ್ಟಿ ನಿಮ್ದು? ನಮ್ದು ಹಿಂದಿನ ಓಣಿ.'
ಅವತ್ತು ಇಬ್ಬರೂ ಬಾಗಿಲಿಂದ
ಎರಡು ಬೆಂಚು ಒಳಗೆ ಸರಿದೆವು.

ಎರಡನೇ ಸೆಮಿಸ್ಟರು, ಮಾದರಿ ಸಮೀಕ್ಷೆಯ ಪಾಠ.
ಇಂದುಧರ ಸರ್ ಬೋರ್ಡಿನ ತುಂಬ ಸಿಗ್ಮಾ ಬರೆದು
'ಇಡೀ ರಾಶಿ ಎಣಿಸಬೇಕಿಲ್ಲ, ಒಂದು ಹಿಡಿ ಸಾಕು' ಅಂದರು.
ನನಗೆ ನಗು ಬಂತು. ಜೋರಾಗಿಯೇ ಬಂತು.
'ಯಾರದು?'
ಎದ್ದೆ. ಮೊಣಕಾಲು ನಡುಗಿದವು, ನಾಲಗೆ ನಡುಗಲಿಲ್ಲ.
'ಎಲ್ಲಿಂದ ತೆಗೆದ ಹಿಡಿ ಸರ್?
ಮೇಲಿಂದ ತೆಗೆದರೆ ರಾಶಿ ಸುಳ್ಳು ಹೇಳುತ್ತೆ.
ಅರಳಿದ್ದು ಹಗುರ, ಮೇಲೇ ಕೂರುತ್ತೆ.
ಅರಳದ್ದು, ನುಚ್ಚು, ಮರಳು, ಎಲ್ಲಾ ತಳಕ್ಕೆ.
ನಮ್ಮವ್ವ ಮೊಣಕೈವರೆಗೂ ಕೈ ಇಳಿಸಿ
ತಳದ್ದೊಂದು, ನಡುವಿಂದೊಂದು, ಅಂಚಿಂದೊಂದು ಹಿಡಿ ತೆಗೀತಾಳೆ.
ಬಾಯಿಗೆ ಹಾಕ್ಕೊಂಡು ನೋಡಿ ಮಾಲೀಕಗೆ ಹೇಳ್ತಾಳೆ,
ಇದು ಸಂತೆಗೆ, ಇದು ಮಿರ್ಚಿ ಅಂಗಡಿಗೆ.'

ಯಾರೂ ಕೆಮ್ಮಲಿಲ್ಲ.
ಸರ್ ಬಳಪ ಕೆಳಗಿಟ್ಟರು. ತುಸು ಹೊತ್ತು ಬಿಟ್ಟು,
'ನಾಳೆ ಒಂದು ಚೀಲ ತರ್ತೀಯೇನಮ್ಮಾ?
ದುಡ್ಡು ನಾನು ಕೊಡ್ತೀನಿ.'

ಚೀಲ ನನಗಿಂತ ಎತ್ತರ, ತೂಕವೇ ಇಲ್ಲ.
ಬಸ್ಸಿನಲ್ಲಿ ನಾನು ಪುಕ್ಕಟೆ, ಚೀಲಕ್ಕೆ ಟಿಕೆಟ್ಟು.
ಮೂವತ್ತೆರಡು ಜನ ಹಾಳೆ ಹಾಸಿ,
ಅರಳಿದ್ದು ಇತ್ತ, ಅರಳದ್ದು ಅತ್ತ, ಎಣಿಸಿದರು.
ಹಿಂದಿನ ಬೆಂಚಿನವನೊಬ್ಬ ಎಣಿಸುತ್ತಲೇ ಅರ್ಧ ತಿಂದ,
ಅವನ ಸರಾಸರಿ ಕೊನೆಗೂ ಸರಿಬರಲಿಲ್ಲ.

ಇಷ್ಟಕ್ಕೇ ಎಲ್ಲ ಸಲೀಸಾಯಿತು ಅಂತಲ್ಲ.
ಸಂಭವನೀಯತಾ ಸಿದ್ಧಾಂತ ಇವತ್ತಿಗೂ
ನನ್ನ ಜೊತೆ ಮುಖ ಕೊಟ್ಟು ಮಾತಾಡುವುದಿಲ್ಲ.
ನಾನೇ ಹೋಗಿ ಸರ್ ಕೋಣೆಯ ಬಾಗಿಲು ಬಡಿಯುತ್ತೇನೆ,
ವಾರಕ್ಕೆ ಎರಡು ಸಲ, ಮೂರು ಸಲ.
ಬಡಿಯಬಹುದು.
ಜೂನಿಯರ್‌ಗಳಿಗೆ ಮೊದಲು ಹೇಳಿಕೊಡುವುದೂ ಅದನ್ನೇ,
ಸೂತ್ರಕ್ಕಿಂತ ಮುಂಚೆ.

ಅವತ್ತು ಸಂಜೆ, ಕೈಯ ಬೊಬ್ಬೆಗೆ ಎಣ್ಣೆ ಸವರುತ್ತ ಅವ್ವ:
'ಏನ್ ಕಲಿಸಿದ್ರೇ ಇವತ್ತು?'
'ರಾಶಿಯಿಂದ ಹಿಡಿ ತೆಗೆಯೋದು.'
'ಅದ್ಕೂ ಫೀಸು ಇಸ್ಕೊಂಡ್ರಾ?'
ನಕ್ಕಳು. ಮತ್ತೆ ನೆನಪಾಗಿ:
'ತಳದ್ದು ತೆಗೀಬೇಕು ಅಂದ್ಯಾ ಇಲ್ವಾ?'
'ಅಂದೆ.'
'ಹೂಂ.'
ದೀಪ ಆರಿಸಿದ ಮೇಲೆ ಕತ್ತಲಿಂದ ಒಂದು ಮಾತು:
'ಖಾಲಿ ಚೀಲ ಮರೀದಂಗೆ ತಾ.
ಮಾಲೀಕ ಹತ್ತು ರೂಪಾಯಿ ಹಿಡೀತಾನೆ.'